ಗೊಬ್ಬರದ ಗೇಟಿನ ಬೀಗದಕೈ

ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದಾಗ, ಇನ್ನು ಲೋಕಕ್ಕೆ ನನ್ನಿಂದ ಏನೂ ಆಗಬೇಕಾಗಿಲ್ಲವೆಂದು ನನ್ನ ಹೆಂಡತಿ ಭಾವಿಸಿದ್ದಳು. ಲೋಕ ಹಾಗೆ ಭಾವಿಸಲಿಲ್ಲ. ಬಸವೇಶ್ವರನಗರದ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಮರುತಿಂಗಳೇ ನನ್ನನ್ನು ಸರ್ವಾನುಮತದಿಂದ ಕಾರ್ಯದರ್ಶಿಯನ್ನಾಗಿ ಆರಿಸಿದರು. ಆ ಸಭೆಗೆ ನಾನು ಹೋಗಿರಲಿಲ್ಲ. ಬಾರದವರನ್ನು ಆರಿಸುವುದು ನಮ್ಮ ಸಂಘದ ಸಂಪ್ರದಾಯ.

ಪದವಿಯ ಜೊತೆಗೆ ಎರಡು ರಾಜಲಾಂಛನಗಳು ನನ್ನ ಕೈಗೆ ಬಂದವು. ಒಂದು, ಸೀಮೆಸುಣ್ಣದ ಡಬ್ಬಿ. ನಮ್ಮ ಪಾರ್ಕಿನೊಳಗೆ ಹೊಂಗೆ ಮರದ ಕೆಳಗೆ ಒಂದು ಕರಿಹಲಗೆಯಿತ್ತು. ಅದರ ಮೇಲೆ ದಿನವೂ ಬೆಳಿಗ್ಗೆ ಒಂದು ಸುಭಾಷಿತ ಬರೆಯುವುದು ಕಾರ್ಯದರ್ಶಿಯ ಕರ್ತವ್ಯ. ವಾಕಿಂಗಿಗೆ ಬಂದ ಸಕ್ಕರೆ ಕಾಯಿಲೆಯವರು ಅದನ್ನು ಓದಿ, ನಿಟ್ಟುಸಿರಿಟ್ಟು, ಮುಂದಿನ ಸುತ್ತಿಗೆ ಹೊರಡುತ್ತಿದ್ದರು. ಎರಡನೆಯದು, ಪಾರ್ಕಿನ ಹಿಂದಿನ ಗೇಟಿನ ಬೀಗದಕೈ. ಆ ಗೇಟು ಅಗಲವಾಗಿತ್ತು. ಗಿಡಗಳಿಗೆ ಗೊಬ್ಬರ ತರುವ ಗಾಡಿಗಾಗಿ ಮಾತ್ರ ಅದನ್ನು ತೆಗೆಯುತ್ತಿದ್ದರು. ಪಾಲಿಕೆಯ ಮಾಲಿ ಬಂದು ಕೇಳಿದಾಗ ಬೀಗದಕೈ ಕೊಡಬೇಕು, ಅವನು ತಂದುಕೊಟ್ಟಾಗ ಇಸಿದುಕೊಳ್ಳಬೇಕು. ನನ್ನ ಹೆಂಡತಿ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ ಮೇಲೆಯೇ ಹಜಾರದ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಲು ಬಿಡುತ್ತಿದ್ದಳು.

ಮುಂದಿನ ಗೇಟಿನ ವಿಷಯ ಬೇರೆ. ಅದನ್ನು ಗೇಟು ಎನ್ನುವುದು ಔದಾರ್ಯ. ಕಬ್ಬಿಣದ ಪೈಪುಗಳನ್ನು ಹಾವು ಹರಿದಂತೆ ಬಾಗಿಸಿ ನೆಟ್ಟಿದ್ದರು; ಮನುಷ್ಯನಾದವನು ಹೊಟ್ಟೆ ಒಳಕ್ಕೆಳೆದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ಒಳಗೆ ಬರಬೇಕು. ಹಸು ಬರಬಾರದು, ಸ್ಕೂಟರು ಬರಬಾರದು ಎಂಬುದು ಅದರ ಉದ್ದೇಶ. ಗಾಲಿಕುರ್ಚಿ ಬರಬಾರದು ಎಂದು ಯಾರೂ ಉದ್ದೇಶಿಸಿರಲಿಲ್ಲ. ಅದು ಯಾರಿಗೂ ಹೊಳೆದೇ ಇರಲಿಲ್ಲ, ಅಷ್ಟೆ.

ಆ ಗೇಟಿನ ಎದುರಿಗೇ ಒಂದು ಎಸ್‌ಟಿಡಿ ಬೂತ್ ಇತ್ತು. ಅದನ್ನು ನಡೆಸುತ್ತಿದ್ದವಳು ಧಾರವಾಡದ ಕಡೆಯ ಹೆಣ್ಣುಮಗಳು, ಮೂವತ್ತರ ಒಳಗಿನವಳು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲುಗಳಲ್ಲಿ ಬಲವಿರಲಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟಿಗೆ ಹೋಗುತ್ತಿದ್ದ ಅಕ್ಕನ ಜೊತೆ ಬೂತಿನ ಹಿಂದಿನ ಕೋಣೆಯಲ್ಲೇ ವಾಸ. ಎಲ್ಲರ ಕೈಗೂ ಮೊಬೈಲು ಬಂದು ಫೋನ್ ಮಾಡುವವರು ಕಡಿಮೆಯಾದ ಮೇಲೆ ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಳು. ಅವಳು ಗಾಲಿಕುರ್ಚಿಯ ಓಟಗಾರ್ತಿ. ಆ ವರ್ಷ ರಾಜ್ಯಮಟ್ಟದ ಕೂಟದಲ್ಲಿ ಎರಡನೆಯವಳಾಗಿ ಬಂದಿದ್ದಳು. ಸಂಕ್ರಾಂತಿ ಕಳೆದ ಮೇಲೆ ರಾಷ್ಟ್ರಮಟ್ಟಕ್ಕೆ ಆಯ್ಕೆ ನಡೆಯುವುದಿತ್ತು. ಅಷ್ಟರೊಳಗೆ ದಿನವೂ ಅಭ್ಯಾಸ ಆಗಬೇಕು. ಅಭ್ಯಾಸಕ್ಕೆ ಅವಳಿಗಿದ್ದದ್ದು ಬೂತಿನ ಮುಂದಿನ ರಸ್ತೆ; ಆ ರಸ್ತೆಗಿದ್ದದ್ದು ಹಂಪುಗಳು, ನಾಯಿಗಳು ಮತ್ತು ಬೆಳಗಾಗುವ ಮೊದಲೇ ಎಚ್ಚರಾಗುವ ಹಾಲಿನ ವ್ಯಾನುಗಳು.

ಒಂದು ದಿನ ಪಿಂಚಣಿ ಕಾಗದದ ಪ್ರತಿ ತೆಗೆಸಲು ಹೋದಾಗ ಕೇಳಿದಳು.

"ಸರ, ನೀವ ಅಲ್ರೀ ಪಾರ್ಕಿನ ಸೆಕ್ರೆಟರಿ? ಒಳಗ ನಡ್ಯೂ ದಾರಿ ಭಾಳ ಚಲೋ ಐತಂತ. ಮುಂಜಾನೆ ಒಂದ್ ತಾಸು ಬಿಟ್ರ ಸಾಕ್ರಿ ನನಗ. ಆ ಗೇಟ್ ಒಂದೀಟು ದೊಡ್ಡದ ಮಾಡಸ್ರಿ."

"ಸಭೇಲಿ ಇಡ್ತೀನಮ್ಮ" ಎಂದೆ. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ವಾಕ್ಯ ಅದೇ ಇರಬೇಕು.

"ಹಿಂದ ಒಂದು ದೊಡ್ಡ ಗೇಟ್ ಐತೆಲ್ರೀ, ಯಾವಾಗ್ಲೂ ಕೀಲಿ ಹಾಕಿರ್ತದ. ಅದು ಯಾರ್ದ್ರೀ?"

"ಅದು ಪಾಲಿಕೆಗೆ ಸೇರಿದ್ದು."

ಇದು ಸುಳ್ಳಲ್ಲ. ಗೇಟು ಪಾಲಿಕೆಯದು, ಬೀಗ ಪಾಲಿಕೆಯದು, ಬೀಗದಕೈ ಕೂಡ ಪಾಲಿಕೆಯದೇ. ಮೊಳೆ ಮಾತ್ರ ನನ್ನದು. ಆ ಗೇಟು ಇರುವುದು ಗೊಬ್ಬರಕ್ಕೆ, ಅದನ್ನು ಮನುಷ್ಯರಿಗೆ ತೆಗೆಯಬೇಕಾದರೆ ಸಂಘದ ನಿರ್ಣಯವಾಗಬೇಕು, ನಿರ್ಣಯವಿಲ್ಲದೆ ಕಾರ್ಯದರ್ಶಿ ಉಸಿರಾಡಲೂ ಬಾರದು ಎಂಬ ನಂಬಿಕೆಯ ಮನುಷ್ಯ ನಾನು. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಸಭೆಯಲ್ಲಿ ಇಟ್ಟೆ. ನಮ್ಮ ಅಧ್ಯಕ್ಷರು ಇಲ್ಲಿನ ಹಳೇ ಹಳ್ಳಿಯ ಜಮೀನುದಾರರ ಮನೆಯವರು. ನಮ್ಮ ಪಾರ್ಕಿರುವ ನೆಲ ಒಂದು ಕಾಲಕ್ಕೆ ಅವರ ತಂದೆಯ ರಾಗಿ ಹೊಲ.

"ಸಾರ್, ಹಸು ವಿಷ್ಯ ನಂಗೆ ಹೇಳ್ಬೇಡಿ" ಎಂದರು, ನಾನು ಹಸುವಿನ ವಿಷಯ ಎತ್ತಿರದಿದ್ದರೂ. "ಗೇಟ್ ಅಗಲ ಮಾಡಿದ್ರೆ ಇವತ್ತು ಹಸು ಬರತ್ತೆ, ನಾಳೆ ಬೈಕ್ ಬರತ್ತೆ, ನಾಡಿದ್ದು ಪಾನಿಪುರಿ ಗಾಡಿ ಬರತ್ತೆ. ಆ ಹುಡುಗಿ ಕಷ್ಟ ನಂಗೆ ಅರ್ಥ ಆಗತ್ತೆ. ಆದ್ರೆ ಗೇಟು ಪಾಲಿಕೇದು. ಇಂಜಿನಿಯರ್ ಮನಸ್ಸು ಮಾಡ್ಬೇಕು. ಪೇಪರ್ನಲ್ಲಿ ಬಂತು ಅಂದ್ರೆ ಓಡ್ಕೊಂಡು ಬರ್ತಾನೆ ನೋಡಿ."

ಪತ್ರಿಕೆಯೆಂದ ಕೂಡಲೇ ನನ್ನ ಎದೆ ಅರಳಿತು. ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಪತ್ರಿಕೆಯಲ್ಲಿ ವರದಿಗಾರನಾಗಿದ್ದ. ಅವನಿಗೆ ಫೋನ್ ಮಾಡಿದ್ದೂ ಅವಳ ಬೂತಿನಿಂದಲೇ. ಅವಳು ದುಡ್ಡು ತೆಗೆದುಕೊಳ್ಳಲಿಲ್ಲ.

ಶಿಷ್ಯ ಒಂದು ಮುಂಜಾನೆ ಕ್ಯಾಮೆರಾದವನೊಂದಿಗೆ ಬಂದ. ಚಿತ್ರ ಹೇಗಿರಬೇಕೆಂಬುದನ್ನು ತೀರ್ಮಾನಿಸಿದವಳು ಅವಳೇ.

"ಗೇಟಿನ ಫೋಟೋನ ತೆಗೀರಿ. ನಾ ಕುರ್ಚಿ ಇಳದು ಅದರಾಗಿಂದ ಹಾದು ತೋರಸ್ತೀನಿ. ಎಷ್ಟು ತ್ರಾಸ ಐತಿ ಅಂತ ಮಂದಿ ಕಣ್ಣಿಂದ ನೋಡ್ಲಿ. ನೋಡಿದ್ರ ತಾವ ತೆಗೀತಾರ."

ಹಾಗೆಯೇ ಮಾಡಿದಳು. ಕುರ್ಚಿಯಿಂದ ನೆಲಕ್ಕಿಳಿದು, ಎರಡೂ ಅಂಗೈ ಊರಿ, ಮೈಯನ್ನು ಎಳೆದುಕೊಳ್ಳುತ್ತ ಆ ಪೈಪುಗಳ ಸಂದಿಯಲ್ಲಿ ತಿರುಗಿ ತಿರುಗಿ ನುಸುಳಿದಳು. ಮೊಣಕೈ ಒಂದು ಕಡೆ ತರಚಿತು. ಅವಳ ಕುರ್ಚಿಯನ್ನು ಮಡಚಿ, ಕಾಂಪೌಂಡಿನ ಮೇಲಿಂದ ಆಚೆ ದಾಟಿಸಿ, ಅವಳು ಬಂದು ಮುಟ್ಟುವತನಕ ಹಿಡಿದುಕೊಂಡು ನಿಂತವನು ನಾನು. ಪದಕವನ್ನು ಕೊರಳಿಗೆ ಹಾಕಿಕೊಳ್ಳಬೇಕೆಂಬುದು ಮಾತ್ರ ಕ್ಯಾಮೆರಾದವನ ಸಲಹೆ. "ಮೇಡಂ, ಸ್ವಲ್ಪ ನಗಿ" ಎಂದ. ನೆಲದ ಮೇಲಿದ್ದವಳು ತಲೆಯೆತ್ತಿ, ಯಾರಾದರೂ ನಗು ಎಂದಾಗ ಎಲ್ಲರೂ ನಗುವಂತೆ ನಕ್ಕಳು.

ಅಷ್ಟಾದ ಮೇಲೆ ಶಿಷ್ಯ ನನ್ನನ್ನು ಪಕ್ಕಕ್ಕೆ ಕರೆದ.

"ಸಾರ್, ತಪ್ಪು ತಿಳ್ಕೋಬೇಡಿ. ಗೇಟ್ ಸ್ಟೋರಿ ಅಂದ್ರೆ ನಮ್ಮ ಎಡಿಟರ್ ಎಸೀತಾರೆ. ಗೇಟು ಊರ ತುಂಬಾ ಇದೆ. ಅವರಿಗೆ ಹೀರೋ ಬೇಕು. ನೀವೊಂದು ಹೆಡ್ಡಿಂಗ್ ಕೊಡಿ ಸಾರ್. ಕ್ಲಾಸಲ್ಲಿ ಹೇಳ್ತಿದ್ರಲ್ಲ, ಮೈ ಜುಂ ಅನ್ನೋ ಥರ."

ಮೂವತ್ತು ವರ್ಷ ನನ್ನ ವಾಕ್ಯಗಳನ್ನು ಕೇಳಿದವರು ಪರೀಕ್ಷೆ ಮುಗಿದ ಮರುದಿನವೇ ಮರೆತವರು. ಈಗ ಒಬ್ಬ ಕೇಳಿಕೊಂಡು ಬಂದಿದ್ದಾನೆ. ಕಣ್ಣು ಮುಚ್ಚಿದೆ. ಸರಸ್ವತಿ ಒಲಿದಳು.

"ಕಬ್ಬಿಣ ಬಾಗಿತು, ಛಲ ಬಾಗಲಿಲ್ಲ."

ಕಬ್ಬಿಣವನ್ನು ಬಾಗಿಸಿದವನು ಮಾಗಡಿ ರಸ್ತೆಯ ವೆಲ್ಡಿಂಗ್ ಅಂಗಡಿಯವನು ಎಂಬ ಸಣ್ಣ ಸಂಗತಿ ನನ್ನ ಕಾವ್ಯೋದ್ವೇಗಕ್ಕೆ ಅಡ್ಡ ಬರಲಿಲ್ಲ. ಅಷ್ಟಕ್ಕೇ ನಿಲ್ಲದೆ, ವರದಿಯ ಕೊನೆಗೆ ಇರಲಿ ಎಂದು ಇನ್ನೊಂದು ವಾಕ್ಯವನ್ನೂ ಉಚಿತವಾಗಿ ಕೊಟ್ಟೆ: "ಈಕೆಯ ಪಾಲಿಗೆ ಯಾವ ತಡೆಯೂ ತಡೆಯಲ್ಲ."

ಎರಡು ದಿನ ಬಿಟ್ಟು ಪ್ರಕಟವಾಯಿತು. ಕೆಂಪು ಅಕ್ಷರದಲ್ಲಿ ನನ್ನ ಶೀರ್ಷಿಕೆ, ಕೆಳಗೆ ಅರ್ಧ ಪುಟದ ಚಿತ್ರ. ಪದಕ ಥಳಥಳಿಸುತ್ತಿತ್ತು, ನಗುವೂ ಬಂದಿತ್ತು. ಕುರ್ಚಿ ಹಿಡಿದು ನಿಂತಿದ್ದ ನನ್ನನ್ನು ಅಂಚಿನಲ್ಲಿ ಕತ್ತರಿಸಿದ್ದರು. ಅಂಗಿಯ ತೋಳಿನ ಗುಂಡಿಯೊಂದು ಮಾತ್ರ ಉಳಿದಿತ್ತು. ಕುರ್ಚಿ ಇಲ್ಲ, ಹಿಡಿದವನಿಲ್ಲ, ತರಚಿದ ಮೊಣಕೈ ಇಲ್ಲ. ಆ ಚಿತ್ರ ನೋಡಿದವರಿಗೆ, ಈ ಹೆಣ್ಣುಮಗಳು ದಿನವೂ ಬೆಳಿಗ್ಗೆ ಹೀಗೆಯೇ ಆ ಗೇಟನ್ನು ಆಟವಾಡಿದಂತೆ ದಾಟುತ್ತಾಳೆ ಎಂದಲ್ಲದೆ ಬೇರೇನೂ ಅನ್ನಿಸಲು ಸಾಧ್ಯವಿರಲಿಲ್ಲ.

ನಾನು ಒಂದು ಕಟ್ಟು ಪತ್ರಿಕೆ ಕೊಂಡೆ. ಒಂದರಿಂದ ಚಿತ್ರ ಕತ್ತರಿಸಿ ಪಾರ್ಕಿನ ಕರಿಹಲಗೆಗೆ ಅಂಟಿಸಿದೆ. ಇನ್ನೊಂದನ್ನು ಅವಳಿಗೆ ಕೊಟ್ಟು, ಮೆಚ್ಚುಗೆಗಾಗಿ ಕಾದು ನಿಂತೆ. ಅವಳು ಮೊದಲಿಂದ ಕೊನೆಯವರೆಗೆ ಓದಿದಳು. ಇನ್ನೊಮ್ಮೆ ಓದಿದಳು.

"ಗೇಟ್ ದೊಡ್ಡದ ಮಾಡ್ರಿ ಅಂತ ನಾ ಹೇಳಿದ್ದು ಎಲ್ಲೈತ್ರಿ ಸರ?"

"ಅದು ಸೂಚ್ಯವಾಗಿ ಇದೆಯಮ್ಮ."

"ಇಂಜಿನಿಯರ್ ಸಾಹೇಬ್ರಿಗೆ ಸೂಚ್ಯ ತಿಳೀತೈತೇನ್ರಿ?"

ತಿಳಿಯಲಿಲ್ಲ. ಅಧ್ಯಕ್ಷರು ನುಡಿದಂತೆ ಇಂಜಿನಿಯರು ಓಡಿ ಬಂದದ್ದೇನೋ ನಿಜ. ಕೈಯಲ್ಲಿ ಪತ್ರಿಕೆಯೂ ಇತ್ತು. ಗೇಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೂತಿನ ಮುಂದೆ ನಿಂತು, ನನ್ನ ಕಡೆ ತಿರುಗಿದರು.

"ಏನ್ ಸಾರ್, ಇವರು ದಾಟ್ತಾರಂತಲ್ಲ? ಫೋಟೋನೇ ಬಂದಿದೆ. ಮತ್ತೆ ಯಾಕೆ ಒಡೆಸ್ಬೇಕು? ಆಡಿಟ್‌ನವರು ಇದೇ ಪೇಪರ್ ತೋರಿಸಿ ಕೇಳಿದ್ರೆ ನಾನೇನು ಹೇಳ್ಲಿ?"

"ದಿನಾ ಹಂಗ ದಾಟಾಕ ಆಗ್ತೈತೇನ್ರಿ ಸಾಹೇಬ್ರ? ಫೋಟೋಕ್ಕ ಒಮ್ಮೆ ದಾಟೀನಿ. ನೋಡ್ರಿಲ್ಲೆ" ಎಂದು ಅವಳು ಮೊಣಕೈ ತೋರಿಸಿದಳು.

ಇಂಜಿನಿಯರು ಮೊಣಕೈಯನ್ನು ಭಕ್ತಿಯಿಂದ ನೋಡಿದರು. "ಗ್ರೇಟ್ ಮೇಡಂ. ನಿಮ್ಮಂಥೋರು ನಮಗೆಲ್ಲ ಸ್ಫೂರ್ತಿ" ಎಂದು ಕೈಮುಗಿದು, ಸ್ಕೂಟರ್ ಏರಿ ಹೋದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದಿನಿಂದ ಬೂತು ಒಂದು ಕ್ಷೇತ್ರವಾಯಿತು. ಮಹಾಲಕ್ಷ್ಮಿ ಲೇಔಟಿನಿಂದ, ನಾಗರಬಾವಿಯಿಂದ ಜನ ಬರತೊಡಗಿದರು. ಕೆಲವರು ಅವಳ ಕೈ ಕುಲುಕಿದರು, ಕೆಲವರು ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಜೆರಾಕ್ಸ್ ಮಾತ್ರ ಪಕ್ಕದ ಬೀದಿಯ ಅಂಗಡಿಯಲ್ಲೇ ಮಾಡಿಸಿದರು. ಒಂದು ಸಂಜೆ ನಾನಿದ್ದಾಗಲೇ, ಪಾರ್ಶ್ವವಾಯು ಹೊಡೆದು ಕೋಲೂರಿ ನಡೆಯುವ ಹಿರಿಯರೊಬ್ಬರನ್ನು ಅವರ ಮಗ ಆಟೋದಲ್ಲಿ ಕರೆತಂದ.

"ನೋಡಪ್ಪಾ, ಇವರೇ. ಎರಡು ಕಾಲೂ ಇಲ್ಲ, ಗೇಟ್ ಹಾರ್ತಾರೆ. ನಿಂಗೆ ಒಂದು ಕಾಲಾದ್ರೂ ಸರಿಯಾಗಿದೆ, ಮಹಡಿ ಮೆಟ್ಟಿಲು ಹತ್ತೋಕೆ ಮುಖ ಗಂಟಿಕ್ಕೋತೀಯ. ಎಲ್ಲ ಮನಸ್ಸಲ್ಲಿದೆ ಕಣಪ್ಪಾ, ಮನಸ್ಸಲ್ಲಿ."

ಹಿರಿಯರು ತಲೆ ತಗ್ಗಿಸಿ ನಿಂತರು. ಅವಳು ಎರಡೂ ಕೈಯಿಂದ ಕಾಲುಗಳನ್ನು ಸರಿಪಡಿಸಿಕೊಂಡು ಹೇಳಿದಳು:

"ಕಾಲು ಅದಾವ್ರಿ, ಶಕ್ತಿ ಇಲ್ಲ. ಅಜ್ಜಾರ, ನಾನೂ ಮೆಟ್ಲಾ ಹತ್ತಂಗಿಲ್ಲ. ಪೇಪರ್‌ನವ್ರು ಹತ್ತಿಸ್ಯಾರ. ನೀವು ಕೆಳಗಿನ ಮನಿಯಾಗ ಮಲಗಾಕ ಜಾಗ ಕೇಳ್ರಿ. ಅದ್ರಾಗ ನಾಚಿಕಿ ಏನೈತಿ?"

ಮಗನಿಗೆ ಈ ಉಪದೇಶ ಇಷ್ಟವಾಗಲಿಲ್ಲ. ಸ್ಫೂರ್ತಿ ಸಿಗಲೆಂದು ಆಟೋಗೆ ದುಡ್ಡು ಕೊಟ್ಟು ಬಂದವನು, ಕೆಳಗಿನ ಕೋಣೆ ಖಾಲಿ ಮಾಡುವ ಸಲಹೆ ಪಡೆದು ಹೋದ. ಹಿರಿಯರು ಮಾತ್ರ ಆಟೋ ಹತ್ತುವ ಮುಂಚೆ ಒಮ್ಮೆ ಅವಳತ್ತ ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ಕಣ್ಣು ಹೊರಳಿಸಿದರು. ಆ ಶೀರ್ಷಿಕೆ ನನ್ನದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು, ಪಕ್ಕದ ಗೋಡೆಯ ಮೇಲಿನ ಎಸ್‌ಟಿಡಿ ಕೋಡುಗಳ ಪಟ್ಟಿಯನ್ನು ಅತ್ಯಂತ ಆಸಕ್ತಿಯಿಂದ ಓದತೊಡಗಿದೆ.

ಆ ಕಾಲದ ಪತ್ರಿಕೆಗಳನ್ನು, ಟಿ.ವಿ.ಯನ್ನು ನೆನೆದರೆ, ಅಂಗವಿಕಲರು ಎರಡೇ ಬಗೆಯಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಒಂದು, ಸಹಾಯ ಬೇಡುವ ಕಣ್ಣೀರಿನ ಮುಖ. ಇನ್ನೊಂದು, ಬೆಟ್ಟವೇರಿ ನಿಂತ, ಪದಕ ಕಚ್ಚಿದ ಮುಖ. ಜೆರಾಕ್ಸ್ ಯಂತ್ರಕ್ಕೆ ಪೌಡರ್ ತುಂಬಿಸುತ್ತ, ಚಿಲ್ಲರೆ ಇಲ್ಲವೆಂದು ಗಿರಾಕಿಗೆ ರೇಗುವ ಮೂರನೆಯ ಮುಖವನ್ನು ಯಾರೂ ಅಚ್ಚು ಹಾಕಲಿಲ್ಲ. ಮೊದಲನೆಯವರಿಗೆ ಚಂದಾ ಎತ್ತುತ್ತಿದ್ದೆವು, ಎರಡನೆಯವರಿಗೆ ಚಪ್ಪಾಳೆ ತಟ್ಟುತ್ತಿದ್ದೆವು. ಮೂರನೆಯವರಿಗೆ ಗೇಟು ಅಗಲ ಮಾಡಬೇಕಾಗುತ್ತದೆ. ಅದು ತಾಪತ್ರಯದ ಕೆಲಸ.

ರಾಜ್ಯೋತ್ಸವ ಬಂತು. ಅವಳಿಗೆ ಸನ್ಮಾನ ಮಾಡಬೇಕೆಂದು ಸಂಘ ತೀರ್ಮಾನಿಸಿತು. ಆಹ್ವಾನಪತ್ರಿಕೆಯಲ್ಲಿ 'ಅಂಗವಿಕಲ ಕ್ರೀಡಾಪಟು' ಎನ್ನಬೇಕೋ, ಆಗಷ್ಟೇ ಚಲಾವಣೆಗೆ ಬರುತ್ತಿದ್ದ 'ವಿಕಲಚೇತನ' ಎನ್ನಬೇಕೋ ಎಂದು ಒಂದಿಡೀ ಸಭೆ ಚರ್ಚಿಸಿತು. ಭಾಷಾತಜ್ಞನಾಗಿ ನಾನು ಎರಡೂ ಪಕ್ಷದಲ್ಲಿ ಮಾತಾಡಿದೆ. ಕೊನೆಗೆ ಅವಳನ್ನೇ ಕೇಳಿಬಂದೆ.

"ಯಾವುದಾದ್ರೂ ಬರೀರಿ ಸರ. ಗೇಟಿಂದು ಏನಾತ್ರಿ? ಆಯ್ಕೆಕ್ಕ ಇನ್ನ ಎರಡೂವರಿ ತಿಂಗಳ ಉಳದೈತಿ."

"ಸನ್ಮಾನದ ದಿನ ನೀನೇ ವೇದಿಕೆ ಮೇಲೆ ಕೇಳಮ್ಮ. ಎಲ್ಲರೂ ಇರ್ತಾರೆ. ಯಾರೂ ಇಲ್ಲ ಅನ್ನೋಕಾಗಲ್ಲ."

ವೇದಿಕೆ ಎಲ್ಲಿ? ಪಾರ್ಕಿನೊಳಗೆ. ಶಾಮಿಯಾನದ ಟೆಂಪೋ ಬಂದಿತು. ನಾನೇ ಮೊಳೆಯಿಂದ ಬೀಗದಕೈ ತೆಗೆದು, ಹಿಂದಿನ ಗೇಟು ತೆರೆದು, ಕುರ್ಚಿ ಕಂಬಗಳನ್ನೆಲ್ಲ ಒಳಗೆ ಬಿಟ್ಟು, ಮತ್ತೆ ಬೀಗ ಹಾಕಿದೆ. ಸನ್ಮಾನಿತೆಯನ್ನು ಮಾತ್ರ ಮುಂದಿನಿಂದಲೇ ತಂದೆವು. ಸಂಘದ ನಾಲ್ವರು ಬಲಶಾಲಿಗಳು ಅವಳನ್ನು ಕುರ್ಚಿ ಸಮೇತ ಎತ್ತಿ, ಕಾಂಪೌಂಡಿನ ಮೇಲಿಂದ ಉತ್ಸವಮೂರ್ತಿಯಂತೆ ದಾಟಿಸಿದರು. ಯಾರೋ ಶಿಳ್ಳೆ ಹೊಡೆದರು. ಅವಳು ಎರಡೂ ಕೈಯಿಂದ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಸಭೆಯಲ್ಲಿ ಕೂತಿದ್ದ ನನ್ನ ಹೆಂಡತಿ ಪಿಸುಗುಟ್ಟಿದಳು. "ಅಲ್ಲಾ, ಟೆಂಪೋ ಹಿಂದಿನ ಗೇಟಿಂದ ಬಂತಲ್ಲ. ಆ ಮಗೂನೂ ಅಲ್ಲಿಂದಾನೇ ಕರ್ಕೊಂಡು ಬರಬಾರದಿತ್ತೇ?"

"ಸನ್ಮಾನ ಮಾಡೋರನ್ನ ಗೊಬ್ಬರದ ಗೇಟಿಂದ ತರ್ತಾರೇನೇ?" ಎಂದೆ. "ಮರ್ಯಾದೆ ಅನ್ನೋದು ಒಂದಿರತ್ತೆ."

ಆ ಮಾತನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳಿದೆ. ಕಬ್ಬಿಣ ಬಾಗಿಸಿದ ವೀರವನಿತೆಯನ್ನು ಗೊಬ್ಬರ ಬರುವ ದಾರಿಯಲ್ಲಿ ಒಳಗೆ ತರುವುದು ನನ್ನ ಶೀರ್ಷಿಕೆಗೆ ಒಪ್ಪುತ್ತಿರಲಿಲ್ಲ.

ಶಾಲು ಹೊದಿಸಿದೆವು. ಮೈಸೂರು ಪೇಟ ತೊಡಿಸಿದೆವು. ಅದು ಜಾರಿ ಅವಳ ಹುಬ್ಬಿಗೆ ಬಂದು ಕೂತಿತು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟಾಗ ಅವಳ ಕೈ ಗಾಲಿಗಳಿಗೆ ಎಟುಕದಂತಾಯಿತು. ಮೈಕು ಕೊಟ್ಟೆವು.

"ಎಲ್ಲಾರಿಗೂ ನಮಸ್ಕಾರ್ರಿ. ನನಗ ಶಾಲು ಹಾಕೀರಿ, ಸಂತೋಷ. ಆದ್ರ ನನಗ ಬೇಕಾಗಿದ್ದು ಶಾಲು ಅಲ್ರಿ, ಗೇಟು. ನಾಲ್ಕು ಮಂದಿ ಹೊತ್ಕೊಂಡು ಬಂದೀರಿ. ದಿನಾ ಮುಂಜಾನೆ ಬರ್ತೀರೇನ್ರಿ ಹೊರಾಕ?"

ಸಭೆಯಿಂದ ಚಪ್ಪಾಳೆ. ಎಂಥ ಚಪ್ಪಾಳೆ! ಹೊಂಗೆ ಮರದ ಕಾಗೆಗಳು ಎದ್ದವು. ಅಧ್ಯಕ್ಷರು ಮೈಕು ಇಸಿದುಕೊಂಡು, ಗದ್ಗದಿತರಾಗಿ, "ನೋಡಿ, ಎಂಥಾ ಆತ್ಮವಿಶ್ವಾಸ! ಎಂಥಾ ಹಾಸ್ಯಪ್ರಜ್ಞೆ! ಇವರ ಮುಂದೆ ಗೇಟ್ ಯಾವ ಲೆಕ್ಕ ಸ್ವಾಮಿ?" ಎಂದರು. ಮತ್ತೆ ಚಪ್ಪಾಳೆ. ನಾನೂ ತಟ್ಟಿದೆ. ತಟ್ಟುತ್ತಿರುವಾಗಲೇ ಅವಳ ಮುಖ ಕಂಡಿತು. ಪೇಟದ ಅಂಚಿನ ಕೆಳಗಿನಿಂದ ಅವಳು ನೋಡುತ್ತಿದ್ದದ್ದು ಅಧ್ಯಕ್ಷರನ್ನಲ್ಲ, ನನ್ನನ್ನು.

ಕೇಸರಿಬಾತಿನ ನಂತರ ಹೊತ್ತು ತಂದವರಲ್ಲಿ ಇಬ್ಬರು ಮನೆಗೆ ಹೋಗಿಬಿಟ್ಟಿದ್ದರು. ಇನ್ನಿಬ್ಬರನ್ನು ಹುಡುಕಿ ತರುವತನಕ ಅವಳು ಖಾಲಿ ಕುರ್ಚಿಗಳ ನಡುವೆ ಶಾಲು ಹೊದ್ದು ಕಾದಳು.

ಮರುವಾರ ಬೂತಿಗೆ ಹೋದಾಗ ಅವಳು ಒಂದೇ ಮಾತು ಕೇಳಿದಳು. "ಸರ, ನೀವು ಚಂದ ಬರೀತೀರಿ. ಪೇಪರಿಗೆ ಇನ್ನೊಮ್ಮೆ ಬರದು ಕೊಡ್ರಿ. ಚಂದ ಬ್ಯಾಡ್ರಿ. 'ಈ ಗೇಟ್ ದಾಟಾಕ ಆಕಿಗೆ ಆಗಂಗಿಲ್ಲ' ಅಂತ ಅಷ್ಟ ಬರೀರಿ."

ಬರೆಯಲು ಕೂತೆ. ಮನೆಯಲ್ಲಿ ಕೂತು ಎಷ್ಟೋ ಸಲ ಆ ವಾಕ್ಯವನ್ನು ಬರೆದು ಹೊಡೆದುಹಾಕಿದೆ. ಊರೆಲ್ಲ ವೀರವನಿತೆಯೆಂದು ಹೊಗಳುತ್ತಿರುವಾಗ 'ಆಗುವುದಿಲ್ಲ' ಎಂದು ಬರೆದರೆ ಅವಳ ಗೌರವಕ್ಕೆ ಕುಂದು ಎಂದು ನನಗೆ ನಾನೇ ಹೇಳಿಕೊಂಡೆ. ಕುಂದು ಬರುವುದು ಯಾರ ವಾಕ್ಯಕ್ಕೆಂದು ನನಗೆ ಗೊತ್ತಿತ್ತು. ಕೊನೆಗೆ ಡಿಸೆಂಬರು ಮುಗಿಯುವಾಗ ಬರೆದು ಶಿಷ್ಯನಿಗೆ ಕೊಟ್ಟೆ. ಅವನು ಓದಿ, ಮೆತ್ತಗೆ ಹೇಳಿದ: "ಸಾರ್, ಇದ್ರಲ್ಲಿ ಸ್ಟೋರಿ ಎಲ್ಲಿದೆ? ಸೆಲೆಕ್ಟ್ ಆಗ್ಲಿ ಸಾರ್, ಫುಲ್ ಪೇಜ್ ಮಾಡಣ."

ಅವಳು ರಸ್ತೆಯಲ್ಲೇ ಅಭ್ಯಾಸ ಮಾಡಿದಳು. ನಸುಕಿನಲ್ಲಿ ಹಾಲು ತರಲು ಹೋದಾಗ ನನಗೆ ಕಾಣುತ್ತಿದ್ದಳು. ರಭಸದಿಂದ ಬರುವುದು, ಹಂಪು ಬಂದಾಗ ನಿಧಾನಿಸಿ ದಾಟುವುದು, ಮತ್ತೆ ರಭಸ, ಮತ್ತೆ ಹಂಪು. ನಾನು ಹಾಲಿನ ಪ್ಯಾಕೆಟ್ಟು ಎತ್ತಿ ಹುರಿದುಂಬಿಸುತ್ತಿದ್ದೆ. ಪಾರ್ಕಿನ ಕರಿಹಲಗೆಗೆ ಅಂಟಿಸಿದ್ದ ಅವಳ ಚಿತ್ರ ಇನ್ನೂ ಅಲ್ಲೇ ಇತ್ತು. ಅದನ್ನು ಅವಳೊಬ್ಬಳು ಬಿಟ್ಟು ಬಡಾವಣೆಯವರೆಲ್ಲ ದಿನವೂ ನೋಡುತ್ತಿದ್ದರು.

ಆಯ್ಕೆಯಾಗಲಿಲ್ಲ. ಸ್ವಲ್ಪದರಲ್ಲೇ ತಪ್ಪಿತು. ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಹೆಂಡತಿ ಒಂದಿಷ್ಟು ಕಟ್ಟಿಕೊಟ್ಟಳೆಂದು ಹಿಡಿದುಕೊಂಡು, ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡು ಬೂತಿಗೆ ಹೋದೆ. ಅವಳು ಅಳುತ್ತಿರಲಿಲ್ಲ. ಯಾರದೋ ಪಡಿತರ ಚೀಟಿಯ ಪ್ರತಿ ತೆಗೆಯುತ್ತಿದ್ದಳು.

"ಕೊನೀ ಸುತ್ತಿನಾಗ ತೋಳು ಸೋತ್ವ್ರಿ. ನಿಲ್ಲದ ಒಂದ ಸಮ ಓಡ್ಸಿ ರೂಢಿ ಇಲ್ಲಲ್ರೀ ನನಗ. ಇಲ್ಲೆ ಹಂಪ್ ಬಂದಾಗೊಮ್ಮೆ ತೋಳು ತಡೀತಾವು. ಅಲ್ಲೂ ಹಂಗ ತಡದ್ವು. ಅಲ್ಲೆ ಹಂಪ್ ಇರ್ಲಿಲ್ಲ."

ಎಳ್ಳುಬೆಲ್ಲ ಕೊಟ್ಟು ಬಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಪಾಪ, ಒಳಗೆ ಬಿಟ್ಟಿದ್ರೆ ಆಗೋದು" ಎಂದಳು.

"ಏನ್ ಮಾಡೋದು? ಇಂಜಿನಿಯರ್ ಒಪ್ಪಲಿಲ್ಲ, ಅಧ್ಯಕ್ಷರು ಒಪ್ಪಲಿಲ್ಲ, ಪೇಪರ್‌ನೋರು ಹಾಕಲಿಲ್ಲ."

ಅವಳು ತಲೆಯೆತ್ತದೆ, ಕಾಳು ಹಿಡಿದ ಕೈಯಿಂದಲೇ ಗೋಡೆ ತೋರಿಸಿದಳು. "ಅಲ್ಲಿ ನೇತಾಡ್ತಾ ಇರೋದೇನು ಮತ್ತೆ? ತಿಂಗಳಿಗೊಂದು ಸಲ ಗೊಬ್ಬರಕ್ಕೆ ತೆಗೀತೀರಿ. ಗೊಬ್ಬರಕ್ಕೆ ಯಾವ ನಿರ್ಣಯ ಮಾಡಿದ್ರಿ?"

ನಾನು ಬೀಗದಕೈಯನ್ನು ನೋಡಿದೆ. ಅದು ನನಗೆ ಹೊಳೆದೇ ಇರಲಿಲ್ಲವೆಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಹೊಳೆದಿತ್ತು, ಮೊದಲ ದಿನವೇ. ಆಗ ನಿರ್ಣಯವಿಲ್ಲವೆಂದು ಪಕ್ಕಕ್ಕಿಟ್ಟೆ. ಪತ್ರಿಕೆಯಲ್ಲಿ ಬಂದ ಮೇಲೆ ಅದು ಇನ್ನೂ ದೂರ ಹೋಯಿತು. ಯಾವ ತಡೆಯೂ ತಡೆಯಲ್ಲದವಳಿಗೆ ಯಾರಾದರೂ ಬೀಗ ತೆಗೆದು ಕೊಡುತ್ತಾರೆಯೇ? ಓದುಗರು ನನ್ನ ವಾಕ್ಯವನ್ನು ನಂಬಿದ್ದರೆ ಅದು ಅವರ ತಪ್ಪಲ್ಲ. ಬರೆದ ನಾನೂ ನಂಬಿಬಿಟ್ಟಿದ್ದೆ.

ಮರುದಿನ ಬೆಳಕು ಹರಿಯುವ ಮುಂಚೆ ಬೀಗದಕೈ ತೆಗೆದುಕೊಂಡು ಹೋದೆ. ಅವಳು ರಸ್ತೆಯಲ್ಲಿದ್ದಳು. ಆಯ್ಕೆ ಮುಗಿದಿದ್ದರೂ ಗಾಲಿ ತಿರುಗಿಸುತ್ತಲೇ ಇದ್ದಳು. "ಹಿಂದಿನ ಬೀದಿಗೆ ಬಾಮ್ಮ" ಎಂದಷ್ಟೇ ಹೇಳಿದೆ. ಯಾಕೆಂದು ಕೇಳದೆ ಹಿಂದೆ ಬಂದಳು. ಬೀಗ ಬಿಗಿಯಾಗಿತ್ತು; ಮೂರನೆಯ ಸಲಕ್ಕೆ ತೆರೆಯಿತು. ಗೇಟು ತಳ್ಳಿದೆ. ಗೊಬ್ಬರದ ವಾಸನೆ ಬಂತು. ಒಂದು ಗಾಡಿ ಹೋಗುವಷ್ಟು ಅಗಲದ ದಾರಿಯಲ್ಲಿ ಅವಳ ಕುರ್ಚಿ ಎತ್ತಲೂ ತಾಗದೆ ಒಳಗೆ ಹೋಯಿತು.

ಒಂದು ಸುತ್ತು ಹಾಕಿ ಬಂದಳು. ಉಸಿರು ಏರಿತ್ತು. ನನ್ನ ಮುಂದೆ ನಿಲ್ಲಿಸಿ, ಕೈಯಲ್ಲಿದ್ದ ಬೀಗದಕೈ ನೋಡಿದಳು.

"ಈ ಕೀಲಿ ಮೊದಲಿಂದ ನಿಮ್ಮ ಹತ್ರಾನ ಇತ್ತೇನ್ರಿ?"

"ಹೌದಮ್ಮ."

ಸೂಚ್ಯಾರ್ಥವಿಲ್ಲದ ವಾಕ್ಯ. ಅದಕ್ಕೆ ಶೀರ್ಷಿಕೆ ಕೊಡಲು ನನಗೆ ಇವತ್ತಿಗೂ ಆಗಿಲ್ಲ. ಅವಳು ಬಯ್ಯಬಹುದಿತ್ತು. ಪರವಾಗಿಲ್ಲ ಸರ ಎಂದಿದ್ದರೂ ನಾನು ಒಂದಿಷ್ಟು ಹಗುರಾಗುತ್ತಿದ್ದೆ. ಎರಡೂ ಮಾಡಲಿಲ್ಲ. ಅಂಗೈಯ ಬೆವರನ್ನು ಚೂಡಿದಾರಕ್ಕೆ ಒರೆಸಿಕೊಂಡು, "ನಾಳಿಂದ ಐದೂವರಿಗೆ ತೆಗೀರಿ. ತಡಾ ಮಾಡಬ್ಯಾಡ್ರಿ. ಮುಂದಿನ ವರ್ಷ ಮತ್ತ ಆಯ್ಕೆ ಐತಿ" ಎಂದು ಹೇಳಿ, ಗಾಲಿ ತಿರುಗಿಸಿದಳು.

ಅಷ್ಟರಲ್ಲಿ ವಾಕಿಂಗಿನವರು ಒಬ್ಬೊಬ್ಬರೇ ಮುಂದಿನ ಪೈಪುಗಳ ಸಂದಿಯಿಂದ ನುಸುಳಿ ಬರತೊಡಗಿದ್ದರು. ಪತ್ರಿಕೆಯ ವೀರವನಿತೆ ತಮ್ಮ ಪಾರ್ಕಿನಲ್ಲೇ ಓಡುತ್ತಿರುವುದನ್ನು ಕಂಡು, ದಾರಿಯ ಉದ್ದಕ್ಕೂ ಅಲ್ಲಲ್ಲೇ ನಿಂತು ಚಪ್ಪಾಳೆ ತಟ್ಟಿದರು. ಮಂಕಿ ಕ್ಯಾಪಿನ ಒಬ್ಬರು "ಶಬಾಶ್!" ಎಂದು ಕೂಗಿದರು. ನಾನೂ ದಾರಿಯ ನಡುವೆಯೇ ನಿಂತಿದ್ದೆ. ಅಭ್ಯಾಸಬಲದಿಂದ ಕೈಗಳು ಮೇಲೆದ್ದವು, ಬೀಗದಕೈ ಸಮೇತ.

ಅವಳು ತಿರುವಿನಿಂದ ರಭಸವಾಗಿ ಬರುತ್ತಿದ್ದಳು.

"ಚಪ್ಪಾಳಿ ಆಮ್ಯಾಲೆ ಹೊಡೀರಿ! ದಾರಿ ಬಿಡ್ರಿ! ಸರ, ನಿಮಗೂ ಹೇಳಾಕತ್ತೀನಿ, ಸರೀರಿ!"

ನಾನು ಹುಲ್ಲಿನ ಮೇಲಕ್ಕೆ ಸರಿದು ನಿಂತೆ.